ಕೊಡದ ಲೆಕ್ಕ, ಯೂನಿಟ್ಟಿನ ಲೆಕ್ಕ

(ನಮ್ಮ ಸಂಘದ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳ ಭಾಷಣಕ್ಕೆ ಸಾಹಿತ್ಯದ ವಿಷಯವನ್ನು ಆರಿಸಿಕೊಳ್ಳಬೇಕೆಂದು ಕೆಲವು ಮಿತ್ರರು ಸೂಚಿಸಿದ್ದರು. ಅವರ ಕ್ಷಮೆ ಬೇಡಿ ನಾವು ಆರಿಸಿಕೊಂಡಿರುವುದು ಬಚ್ಚಲಿನ ಬಕೆಟ್ಟನ್ನು ಮತ್ತು ಗೋಡೆಯ ಮೇಲಿನ ಮೀಟರನ್ನು. ಅದಕ್ಕೆ ಕಾರಣವಿದೆ. ಮೊದಲು ಅದನ್ನೇ ಹೇಳುತ್ತೇವೆ.

ಕಳೆದ ಬೇಸಗೆಯಲ್ಲಿ ನಮ್ಮ ಸದಸ್ಯರೊಬ್ಬರು ಸಂಜೆ ಇಲ್ಲಿಗೆ ಬಂದು, ಪತ್ರಿಕೆಯನ್ನು ಮುಂದೆ ಹರಡಿಕೊಂಡು, ಓದದೆ ಸುಮ್ಮನೆ ಕುಳಿತಿದ್ದರು. ಅವರು ಗುಮಾಸ್ತರು, ಗದಗಿನ ಕಡೆಯವರು. ಪಗಾರವಾದ ವಾರದೊಳಗೆ ತಂಗಿಯ ಓದಿಗೆಂದು ಊರಿಗೆ ಹಣ ಕಳಿಸುವುದು ಅವರ ನಿಯಮ. ವಿಚಾರಿಸಿದಾಗ ಹೇಳಿದರು: "ಈ ತಿಂಗಳು ಹಣ ಹೋಗಲಿಲ್ಲ. ನೀರಿನ ಟ್ಯಾಂಕರಿಗೆ ಅಷ್ಟು, ಕರಂಟಿನ ಬಿಲ್ಲಿಗೆ ಇಷ್ಟು ಎಂದು ಕೊಟ್ಟು ಕೈ ಬರಿದಾಯಿತು. ತಂಗಿ, ಇರಲಿ ಅಣ್ಣಾ, ಹಾಸ್ಟೆಲಿನವರಿಗೆ ನಾನೇ ಹೇಳಿಕೊಳ್ಳುತ್ತೇನೆ ಅಂದಳು. ಆ ಮಾತೇ ಮನಸ್ಸಿಗೆ ಹತ್ತಿಕೊಂಡಿದೆ."

ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಬಿಲ್ಲು ಎಂಬುದು ಬರಿಯ ಬಿಲ್ಲಲ್ಲ. ಇಲ್ಲಿ ಸೋರಿದ್ದು ಅಲ್ಲಿ ಒಬ್ಬರ ಫೀಜಿನಲ್ಲಿ, ಒಬ್ಬರ ಔಷಧದಲ್ಲಿ ಕೊರೆಯಾಗುತ್ತದೆ. ಆದ್ದರಿಂದ ನಾವು ನಾಲ್ವರು ಎರಡು ಭಾನುವಾರ ಅವರ ಮನೆಗೆ ನೋಟುಪುಸ್ತಕ ಹಿಡಿದುಕೊಂಡು ಹೋದೆವು. ಅಲ್ಲಿ ಕಂಡದ್ದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

ಮನ್ಮಾಡಿನ ನೀರಿನ ಕಥೆ ತಮಗೆ ಹೊಸದಲ್ಲ. ದೆಹಲಿಯ ಕಡೆಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸು, ಬೆಳಗಾವಿಯ ಮೇಲೆ ಹಾದು ಬರುವ ಗೋವಾ ಎಕ್ಸ್‌ಪ್ರೆಸ್ಸು, ಎರಡೂ ಈ ಜಂಕ್ಷನ್ನಿಗೆ ಬರುತ್ತವೆ. ನೀರು ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ವಾಗದರ್ಡಿ ಕೆರೆಯನ್ನು ನೆಚ್ಚಿಕೊಂಡ ಈ ಊರು ಹದಿನೈದು ಇಪ್ಪತ್ತು ದಿನಗಳಿಗೊಮ್ಮೆ ನಳಕ್ಕೆ ನೀರು ಬಂದ ಬೇಸಗೆಗಳನ್ನು ಕಂಡಿದೆ. ಕರಂಜವಣ ಅಣೆಕಟ್ಟೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆಯನ್ನು ಕೈಗೊಂಡಿದ್ದಾರೆ; ಸಂತೋಷ. ಸಾರ್ವಜನಿಕ ಕೊರತೆಯನ್ನು ನೀಗುವುದು ಸಾರ್ವಜನಿಕ ಕೆಲಸವೇ ಹೊರತು ಬಡವನ ಬಕೆಟ್ಟಿನ ಕೆಲಸವಲ್ಲ. ಆದರೆ ಮನೆಯ ಒಳಗೆ ಬಂದ ನೀರಿಗೆ ಲೆಕ್ಕ ಇಡುವುದು ನಮ್ಮ ಕೈಯಲ್ಲೇ ಇದೆ.

ಅವರ ಮನೆಯಲ್ಲಿ ಐದು ಜನ: ಗಂಡ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ನೆಲಟಾಕಿ, ಮಾಳಿಗೆಯ ಟಾಕಿ, ಡ್ರಮ್ಮುಗಳು ಎಲ್ಲ ಸೇರಿ 2000 ಲೀಟರು ಹಿಡಿಯುತ್ತವೆ. ದಿನಕ್ಕೆ ಎಷ್ಟು ನೀರು ಖರ್ಚು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಬಕೆಟ್ಟಿನಿಂದಲೇ ಅಳೆದು ಬರೆದೆವು. ಕುಡಿಯಲು, ಅಡಿಗೆಗೆ 25 ಲೀಟರು; ಸ್ನಾನಕ್ಕೆ ತಲೆಗೆ 15ರಂತೆ 75; ಭಾಂಡೆ ತೊಳೆಯಲು 30; ಬಟ್ಟೆಗೆ 40; ಪಾಯಖಾನೆಗೆ, ನೆಲ ಒರೆಸುವುದಕ್ಕೆ 60. ಒಟ್ಟು 230 ಲೀಟರು. ಇದು ದುಂದುಗಾರಿಕೆಯೇನೂ ಅಲ್ಲ. ತಲೆಗೆ 46 ಲೀಟರು ಮಾತ್ರ. ಹಳ್ಳಿಯ ಮನೆಗೆ ಜಲಜೀವನ ಯೋಜನೆ ಗೊತ್ತುಮಾಡಿರುವ ತಲೆಗೆ 55 ಲೀಟರಿಗಿಂತಲೂ ಇದು ಕಡಿಮೆ. ಆದರೂ ಹದಿನೈದು ದಿನಕ್ಕೆ 3450 ಲೀಟರು ಬೇಕು, ಇರುವುದು 2000. ಉಳಿದ 1450 ಲೀಟರನ್ನು ಕೊಂಡು ತರಬೇಕು. ಟ್ಯಾಂಕರಿನ ಹಣ ಹೋದದ್ದು ಇಲ್ಲಿ.

ಈಗ ಸ್ನಾನದ ನೀರು ಕಡಿಮೆ ಮಾಡಿ, ಕುಡಿಯುವ ನೀರು ಕಡಿಮೆ ಮಾಡಿ ಎಂದು ನಾವು ಹೇಳಲಿಲ್ಲ. ಒಂದೇ ನೀರಿಗೆ ಎರಡು ಕೆಲಸ ಕೊಡಿ ಎಂದೆವು. ಸ್ನಾನದ ನೀರು ಮತ್ತು ಬಟ್ಟೆ ಒಗೆದ ನೀರು ಕೂಡಿದರೆ ನೂರು ಲೀಟರು ಮೀರುತ್ತದೆ. ಬಚ್ಚಲ ಕಿಂಡಿಗೆ ಬಟ್ಟೆ ತುರುಕಿ ಅಥವಾ ಅಗಲವಾದ ಬುಟ್ಟಿಯಲ್ಲಿ ನಿಂತು ಸ್ನಾನ ಮಾಡಿ ಆ ನೀರನ್ನು ತುಂಬಿಟ್ಟರೆ ಪಾಯಖಾನೆಯ, ನೆಲದ 60 ಲೀಟರು ಪೂರ್ತಿ ಉಳಿಯುತ್ತದೆ. ಭಾಂಡೆಯನ್ನು ಹರಿಯುವ ನಳದ ಕೆಳಗೆ ತೊಳೆಯದೆ, ಎರಡು ಬೋಗುಣಿ ಇಟ್ಟು ಒಂದರಲ್ಲಿ ಉಜ್ಜಿ ಇನ್ನೊಂದರಲ್ಲಿ ಅದ್ದಿದರೆ 30ರಲ್ಲಿ 15 ಸಾಕು. ಬಟ್ಟೆಯ ಕೊನೆಯ ಜಾಲಾಡಿದ ನೀರಿನಲ್ಲಿ ಮುಂದಿನ ಬಟ್ಟೆ ನೆನೆಸಿದರೆ 10 ಉಳಿಯಿತು. ಹೀಗೆ 230 ಹೋಗಿ 145 ಆಯಿತು. ಹದಿನೈದು ದಿನಕ್ಕೆ 2175 ಲೀಟರು. ಕೊರತೆ 1450ರಿಂದ 175ಕ್ಕೆ ಇಳಿಯಿತು. ಒಂದು ಡ್ರಮ್ಮೂ ತುಂಬುವುದಿಲ್ಲ.

ನಾವು ಇದನ್ನೆಲ್ಲ ಗಂಭೀರವಾಗಿ ಬರೆದುಕೊಳ್ಳುತ್ತಿದ್ದಾಗ ಅವರ ತಾಯಿಯವರು ಬಾಗಿಲಲ್ಲಿ ಕುಳಿತು ನಕ್ಕರು. "ಇದನ್ನೇನ ದೊಡ್ಡ ಶಾಸ್ತ್ರ ಮಾಡೀರಿ ತಮ್ಮಾ? ಮುಖ ತೊಳದ ನೀರು ಗಿಡಕ್ಕ ಹಾಕೋದು ನಮ್ಮೂರಾಗ ಕೂಸಿಗೂ ಗೊತ್ತೈತಿ. ಊರು ಬಿಟ್ಟು ಬಂದ ಮ್ಯಾಲ ಮರತೀರಿ, ಅಷ್ಟ." ಅವರ ಮಾತು ನಿಜ. ಹಗ್ಗ ಕೈಯಲ್ಲಿ ಹಿಡಿದು ಸೇದಿದ ನೀರಿಗೆ ತೂಕ ಗೊತ್ತಿತ್ತು. ನಳ ತಿರುಗಿಸಿದರೆ ಬರುವ ನೀರಿಗೆ ತೂಕವಿಲ್ಲ.

ಒಂದೇ ನೀರಿಗೆ ಎರಡು ಕೆಲಸ ಕೊಟ್ಟ ಹಿರಿಯರು ಈ ಪ್ರಾಂತದಲ್ಲೇ ಇದ್ದರು. ಛತ್ರಪತಿ ಸಂಭಾಜಿನಗರಕ್ಕೆ ಹೋದವರು ಅಲ್ಲಿಯ ಪನಚಕ್ಕಿಯನ್ನು ನೋಡಿರಬಹುದು. ದೂರದ ಬೆಟ್ಟದ ಸೆಲೆಯಿಂದ ಮಣ್ಣಿನ ಕೊಳವೆಗಳಲ್ಲಿ ತಂದ ನೀರು ಮೇಲಿಂದ ಬಿದ್ದು ಬೀಸುವ ಕಲ್ಲನ್ನು ತಿರುಗಿಸಿ, ಅನಂತರ ಕೊಳಕ್ಕೆ ಸೇರುತ್ತಿತ್ತು. ಯಾತ್ರಿಕರಿಗೆ ಹಿಟ್ಟೂ ಆಯಿತು, ನೀರೂ ಆಯಿತು.

ನಮ್ಮವರೇ ಆದ ಇನ್ನೊಬ್ಬರ ಹೆಸರನ್ನೂ ಇಲ್ಲಿ ಸ್ಮರಿಸಬೇಕು. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಮೊದಮೊದಲು ಕೆಲಸ ಮಾಡಿದ್ದು ಇದೇ ನಾಸಿಕ ಮತ್ತು ಖಾನದೇಶದ ಸೀಮೆಯಲ್ಲಿ. ಅವರೂ ನಮ್ಮ ಹಾಗೆ ನೌಕರಿಗಾಗಿ ಬಂದವರೇ. ಮುಂದೆ 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಉಕ್ಕಿ ಹರಿದುಹೋಗುತ್ತಿದ್ದ ನೀರನ್ನು ಅವು ತಡೆದು ನಿಲ್ಲಿಸಿದವು. ಅದರ ಮರ್ಮ ಇಷ್ಟೇ: ಹೊಸ ನೀರು ಹುಡುಕುವ ಮೊದಲು, ಇರುವ ನೀರು ಎಲ್ಲಿ ಉಕ್ಕಿ ಹೋಗುತ್ತಿದೆ ಎಂದು ನೋಡು. ನಮ್ಮ ಮಾಳಿಗೆಯ ಟಾಕಿಗೂ ಅದೇ ಮಾತು ಸಲ್ಲುತ್ತದೆ. ನೀರು ಉಕ್ಕಿ ಗೋಡೆಯ ಮೇಲೆ ಸುರಿಯುವ ಸದ್ದು ಕೇಳಿದ ಮೇಲೆ ಮೋಟಾರು ನಿಲ್ಲಿಸುವುದು ಎಷ್ಟು ಮನೆಗಳ ಪದ್ಧತಿಯಲ್ಲ! ನಮ್ಮ ಸದಸ್ಯರ ಮನೆಯಲ್ಲೂ ಅದೇ ಆಗುತ್ತಿತ್ತು. ಅಲ್ಲಿ ಹೋಗುವುದು ನೀರೊಂದೇ ಅಲ್ಲ, ಅದನ್ನು ಮೇಲೆತ್ತಿದ ಕರಂಟೂ ಹೋಗುತ್ತದೆ. ಟಾಕಿ ತುಂಬಿದೊಡನೆ ಮೋಟಾರನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ಚು ಅಂಗಡಿಗಳಲ್ಲಿ ಸಿಗುತ್ತದೆ. ಅದು ಬೇಡವೆಂದರೆ, ಎಷ್ಟು ನಿಮಿಷಕ್ಕೆ ಟಾಕಿ ತುಂಬುತ್ತದೆ ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ ಸ್ವಿಚ್ಚಿನ ಪಕ್ಕದಲ್ಲಿ ಬರೆದಿಡಿ.

ಈಗ ಕರಂಟಿಗೆ ಬರೋಣ. ನಮ್ಮಲ್ಲಿ ಹಲವರು ಬಿಲ್ಲಿನ ಕೊನೆಯ ಮೊತ್ತವನ್ನು ಮಾತ್ರ ನೋಡಿ ನಿಟ್ಟುಸಿರು ಬಿಡುತ್ತಾರೆ. ಬಿಲ್ಲು ಮರಾಠಿಯಲ್ಲಿದೆ ಎಂಬುದೊಂದು ನೆವ. ಓದಿ ನೋಡಿ, ಕಷ್ಟವಿಲ್ಲ. "ಮಾಗೀಲ ರೀಡಿಂಗ್" ಎಂದರೆ ಹಿಂದಿನ ಸಲದ ಅಂಕಿ, "ಚಾಲೂ ರೀಡಿಂಗ್" ಎಂದರೆ ಈ ಸಲದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಸುಟ್ಟ ಯೂನಿಟ್ಟು. ಮರಾಠಿಯ "ಆಕಾರ" ನಮ್ಮ ಆಕಾರವಲ್ಲ, ಅಲ್ಲಿ ಅದಕ್ಕೆ ಶುಲ್ಕವೆಂದು ಅರ್ಥ. "ಸ್ಥಿರ ಆಕಾರ" ದೀಪ ಹಚ್ಚದಿದ್ದರೂ ಕೊಡಬೇಕಾದದ್ದು. "ವೀಜ ಆಕಾರ", "ವಹನ ಆಕಾರ" ಎರಡೂ ಯೂನಿಟ್ಟಿನ ಮೇಲೆ ಏರುವಂಥವು. "ಥಕಬಾಕೀ" ಎಂದರೆ ಹಳೆಯ ಬಾಕಿ. "ಸರಾಸರಿ" ಎಂದು ಬರೆದಿದ್ದರೆ ಮೀಟರು ಓದದೆ ಅಂದಾಜಿನಲ್ಲಿ ಹಾಕಿದ ಬಿಲ್ಲು. ಅಂಥದನ್ನು ಕೂಡಲೆ ವಿಚಾರಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ದರದ ಮೆಟ್ಟಿಲು. ಮನೆಯ ಬಳಕೆಯಲ್ಲಿ ತಿಂಗಳಿಗೆ ಮೊದಲ 100 ಯೂನಿಟ್ಟಿಗೆ ಒಂದು ದರ. 101ರಿಂದ 300ರವರೆಗೆ ಇನ್ನೊಂದು. ದರಗಳು ಬದಲಾಗುತ್ತಿರುತ್ತವೆ, ಆದರೆ ಈಚಿನ ವರ್ಷಗಳಲ್ಲಿ ಎರಡನೆಯ ಮೆಟ್ಟಿಲು ಮೊದಲನೆಯದರ ಸುಮಾರು ಇಮ್ಮಡಿ ತುಟ್ಟಿ. ಆದ್ದರಿಂದ ಉಳಿಸಿದ ಯೂನಿಟ್ಟುಗಳಲ್ಲೆಲ್ಲ ಮೊದಲು ಇಳಿಯುವುದು ತುಟ್ಟಿಯ ಯೂನಿಟ್ಟು. ಇದನ್ನು ಅರಿತವನು ನೂರರ ಗೆರೆಯ ಮೇಲೆ ಕಣ್ಣಿಡುತ್ತಾನೆ.

ಇದರಲ್ಲಿ ಬಾಡಿಗೆದಾರರಿಗೆ ಒಂದು ತೊಡಕಿದೆ. ಮೂರು ಬಿಡಾರಗಳು ಒಂದೇ ಮೀಟರಿನಲ್ಲಿವೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರು 60 ಯೂನಿಟ್ಟು ಸುಟ್ಟರೆ ಮೀಟರಿನಲ್ಲಿ 180 ಆಗುತ್ತದೆ. ಅದರಲ್ಲಿ 80 ಯೂನಿಟ್ಟು ಮೇಲಿನ ಮೆಟ್ಟಿಲಿಗೆ ಹತ್ತಿತು. ಮೂವರಿಗೂ ಬೇರೆ ಮೀಟರು ಇದ್ದಿದ್ದರೆ ಒಬ್ಬರೂ ನೂರು ಮುಟ್ಟುತ್ತಿರಲಿಲ್ಲ. ಮನೆ ಹಿಡಿಯುವಾಗ ಬಾಡಿಗೆಯೊಂದನ್ನೇ ಕೇಳದೆ, ಮೀಟರು ಯಾರ ಯಾರ ನಡುವೆ ಎಂದೂ ಕೇಳಿಕೊಳ್ಳಿ. ಇರುವ ಮನೆಯಲ್ಲಾದರೆ ಬೇರೆ ಮೀಟರಿಗಾಗಿ ಮಾಲೀಕರೊಡನೆ ಸೌಜನ್ಯದಿಂದ ಮಾತನಾಡಿ.

ನಮ್ಮ ಸದಸ್ಯರ ಮನೆಗೆ ಸ್ವಂತ ಮೀಟರಿದೆ. ಸಾವಿರ ವ್ಯಾಟಿನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್ಟು. ಈ ಒಂದು ಸೂತ್ರದಿಂದ ಎಲ್ಲವನ್ನೂ ಲೆಕ್ಕ ಹಾಕಿದೆವು. 75 ವ್ಯಾಟಿನ ಎರಡು ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 54 ಯೂನಿಟ್ಟು. ಚೋಕು ಸೇರಿ 50 ವ್ಯಾಟು ಎಳೆಯುವ ಮೂರು ಹಳೆಯ ಟ್ಯೂಬ್ ಲೈಟು ಐದು ತಾಸಿನಂತೆ 22. ಫ್ರಿಜ್ಜು 30, ಟೀವಿ 7, ಮೋಟಾರು 10, ಇಸ್ತ್ರಿ 3. ಒಟ್ಟು 126. ಕೊನೆಯ 26 ಯೂನಿಟ್ಟು ಮೇಲಿನ ಮೆಟ್ಟಿಲಿನವು.

ನೋಡಿ, ಎಲ್ಲರೂ ದೀಪ ಆರಿಸಿ ಎಂದು ಮಕ್ಕಳನ್ನು ಗದರುತ್ತಾರೆ. ಆದರೆ ಹೆಚ್ಚು ತಿನ್ನುವುದು ತಲೆಯ ಮೇಲೆ ತಿರುಗುವ ಫ್ಯಾನು. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಎರಡನ್ನೂ ಬದಲಾಯಿಸಿದರೆ 54ರ ಜಾಗದಲ್ಲಿ 22 ಯೂನಿಟ್ಟು. 20 ವ್ಯಾಟಿನ ಎಲ್.ಇ.ಡಿ. ಟ್ಯೂಬು ಹಾಕಿದರೆ 22ರ ಜಾಗದಲ್ಲಿ 9. ನೀರಿನ ಖರ್ಚು ಇಳಿದು, ಟಾಕಿ ಉಕ್ಕುವುದು ನಿಂತು, ಮೋಟಾರು 5ಕ್ಕೆ ಬಂತು. ಒಟ್ಟು 76. ಫ್ಯಾನು ಕೊಳ್ಳುವಾಗ ನಕ್ಷತ್ರಗಳ ಚೀಟಿಯನ್ನು ನೋಡಿರಿ. 2023ರಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯವಾಗಿದೆ.

ಚಳಿಗಾಲದ ಲೆಕ್ಕ ಬೇರೆ. ನಾಸಿಕ ಜಿಲ್ಲೆಯ ಚಳಿ ತಮಗೆ ಗೊತ್ತು; ನಿಫಾಡದ ಚಳಿ ವರ್ಷವರ್ಷವೂ ಪತ್ರಿಕೆಗೆ ಬರುತ್ತದೆ. 15 ಲೀಟರಿನ ಒಂದು ಬಕೆಟ್ಟು ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು 0.35 ಯೂನಿಟ್ಟು ಬೇಕು. ಐದು ಜನರಿಗೆ ತಿಂಗಳಿಗೆ 52 ಯೂನಿಟ್ಟಿಗೂ ಮೇಲಾಯಿತು! ಫ್ಯಾನು ನಿಂತರೂ ಬಿಲ್ಲು ಏಕೆ ಇಳಿಯಲಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಬಿಸಿನೀರಿನ ಸ್ನಾನವನ್ನು 10 ಲೀಟರಿಗೆ ಇಳಿಸಿದರೆ ನೀರಿನಲ್ಲೂ ಕರಂಟಿನಲ್ಲೂ ಮೂರರಲ್ಲೊಂದು ಪಾಲು ಉಳಿಯಿತು. ಸಂಜೆ ಸ್ನಾನ ಮಾಡುವವರು ಕಪ್ಪು ಬಣ್ಣ ಬಳಿದ, ಮುಚ್ಚಳವಿರುವ ಡಬ್ಬಿಯಲ್ಲಿ ನೀರು ತುಂಬಿ ಮಾಳಿಗೆಯ ಬಿಸಿಲಿಗೆ ಇಟ್ಟು ಹೋದರೆ, ಸೂರ್ಯನಾರಾಯಣನು ಬಿಲ್ಲು ಕಳಿಸುವುದಿಲ್ಲ. ನೀರು ಕಾಯಿಸುವ ಕಡ್ಡಿಯನ್ನು ಬಳಸುವವರು ಮಾತ್ರ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು; ಇದರಲ್ಲಿ ಅವಸರ ಸಲ್ಲದು.

ಅಡಿಗೆಮನೆಯ ವಿಷಯದಲ್ಲಿ ಎರಡೇ ಮಾತು. ಸಿಲಿಂಡರು ಹಚ್ಚಿದ ದಿನದ ತಾರೀಖನ್ನು ಸೀಮೆಸುಣ್ಣದಿಂದ ಅದರ ಮೇಲೆಯೇ ಬರೆಯಿರಿ. 14.2 ಕಿಲೋ ಗ್ಯಾಸು ತಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಎಂದು ತಿಳಿದರೆ ಹೆಚ್ಚುಕಡಮೆ ತಾನೇ ಕಾಣುತ್ತದೆ. ಬೇಳೆ ಕಾಳನ್ನು ನೆನೆಹಾಕಿ ಬೇಯಿಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು, ಇವನ್ನು ನಾವು ಹೇಳಿಕೊಡುವುದಕ್ಕಿಂತ ನಮ್ಮ ತಾಯಂದಿರಿಂದ ಕಲಿಯುವುದು ಲೇಸು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆವು.

ಮೊದಲನೆಯದು ಸೊಳ್ಳೆ. ಡೆಂಗೆ ಹರಡುವ ಸೊಳ್ಳೆ ತುಂಬಿಟ್ಟ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಹದಿನೈದು ದಿನ ನೀರು ತುಂಬಿಡುವ ಊರಿನಲ್ಲಿ ಇದರ ಅರ್ಥವೇನೆಂದು ಯೋಚಿಸಿರಿ. ಡ್ರಮ್ಮುಗಳ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ. ಖಾಲಿಯಾದ ಒಂದೊಂದು ಡ್ರಮ್ಮನ್ನೂ ಒಳಗೋಡೆ ಉಜ್ಜಿ ಒಣಗಿಸಿ. ಬಳಸಿ ಹಿಡಿದಿಟ್ಟ ಬಚ್ಚಲ ನೀರನ್ನು ಅಂದಂದೇ ಖರ್ಚು ಮಾಡಿ. ನೂರು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆಗೆ ಸಾವಿರಗಳನ್ನು ಕಟ್ಟುವುದು ಮಿತವ್ಯಯವಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಮೊದಲ ಭಾನುವಾರ ನಮ್ಮ ಲೆಕ್ಕವನ್ನೆಲ್ಲ ಕೇಳಿ ಆ ಮನೆಯ ತಾಯಿ ಮೆಲ್ಲಗೆ ಕೇಳಿದರು: "ಬಚ್ಚಲ ನೀರು ಎತ್ತಿ ತುಂಬೋರು ಯಾರು?" ನಾವು ನಾಲ್ವರೂ ತಲೆ ತಗ್ಗಿಸಿದೆವು. ನೋಟುಪುಸ್ತಕದಲ್ಲಿ ಲೀಟರು ಇತ್ತು, ಯೂನಿಟ್ಟು ಇತ್ತು, ಅವರ ಸೊಂಟದ ಲೆಕ್ಕ ಇರಲಿಲ್ಲ. ನಳ ಬಂದ ರಾತ್ರಿ ನಿದ್ದೆಗೆಟ್ಟು ಕೊಡ ತುಂಬುವವರೂ ಅವರೇ. ಹೆಂಗಸರ ದುಡಿಮೆಯನ್ನು ಇಮ್ಮಡಿ ಮಾಡಿ ಗಂಡಸು ತನ್ನ ಬಿಲ್ಲನ್ನು ಅರ್ಧ ಮಾಡಿಕೊಂಡರೆ ಅದು ಉಳಿತಾಯವಲ್ಲ. ಸಾಲವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದಂತೆ. ಅಂದಿನಿಂದ ಆ ಮನೆಯಲ್ಲಿ ಬಳಸಿದ ನೀರಿನ ಬಕೆಟ್ಟು ಎತ್ತುವುದು ಯಜಮಾನರ ಕೆಲಸವೆಂದು ಗೊತ್ತಾಯಿತು. ಮೀಟರಿನ ಅಂಕಿ ಬರೆಯುವುದು ದೊಡ್ಡ ಮಗಳ ಕೆಲಸ.

ಒಂದು ಬಕೆಟ್ಟಿನಿಂದ ಊರಿಗೆ ಏನಾದೀತು ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ರೈಲ್ವೆಯವರು ಹಲವರಿರುವುದರಿಂದ ರೈಲಿನ ಲೆಕ್ಕವನ್ನೇ ಹೇಳುತ್ತೇವೆ. 2016ರ ಬರಗಾಲದಲ್ಲಿ ಮಿರಜದಿಂದ ಕೃಷ್ಣೆಯ ನೀರನ್ನು ರೈಲಿನಲ್ಲಿ ತುಂಬಿ ಲಾತೂರಿಗೆ ಒಯ್ದರು. ಏಪ್ರಿಲ್ 12ರಂದು ಮುಟ್ಟಿದ ಮೊದಲ ಗಾಡಿಯಲ್ಲಿ ಹತ್ತು ವ್ಯಾಗನ್ನು, ಸುಮಾರು 5 ಲಕ್ಷ ಲೀಟರು. ದಿನಕ್ಕೆ 230 ಲೀಟರು ಬಳಸುವ ಮನೆಗಳಾದರೆ ಆ ಒಂದು ಗಾಡಿ ಸುಮಾರು 2170 ಮನೆಗಳ ಒಂದು ದಿನದ ನೀರು. 145 ಲೀಟರು ಬಳಸುವ ಮನೆಗಳಾದರೆ ಸುಮಾರು 3440. ಗಾಡಿ ಅದೇ, ನೀರು ಅಷ್ಟೇ. ಹನ್ನೆರಡು ನೂರಕ್ಕೂ ಹೆಚ್ಚು ಮನೆಗಳ ಕೊಡ ಹೆಚ್ಚಿಗೆ ತುಂಬಿತು. ಹನಿಗೂಡಿದರೆ ಹಳ್ಳ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಉಳಿಯಿತು ಒಂದು ಪ್ರಶ್ನೆ: ಫ್ಯಾನಿಗೆ ಹಣವೆಲ್ಲಿ? ಉಳಿತಾಯ ಮಾಡಲೂ ಮೊದಲು ಹಣ ಬೇಕು. ಬಡವನ ಕಷ್ಟ ಇದೇ. ಅದಕ್ಕೆ ಇದೇ ಮೇಜಿನ ಸುತ್ತ ಕುಳಿತು ದಾರಿ ಕಂಡುಕೊಂಡೆವು. ಆರು ಮಂದಿ ಸೇರಿ ಒಂದು ಚೀಟಿ ಹಾಕಿದೆವು. ಒಂದು ಫ್ಯಾನಿನ ಬೆಲೆಯನ್ನು ಆರು ಪಾಲು ಮಾಡಿ, ತಿಂಗಳಿಗೆ ಒಬ್ಬೊಬ್ಬರು ಒಂದು ಪಾಲು ಹಾಕಿ, ಪ್ರತಿ ತಿಂಗಳು ಒಬ್ಬರ ಮನೆಗೆ ಒಂದು ಫ್ಯಾನು. ಆರು ತಿಂಗಳಲ್ಲಿ ಆರು ಮನೆಗಳಲ್ಲಿ ಹೊಸ ಫ್ಯಾನು ತಿರುಗಿತು. ಯಾರೂ ಬಡ್ಡಿ ಕೊಡಲಿಲ್ಲ. ಮೊದಲ ಚೀಟಿಯನ್ನು ಯಾರಿಗೆ ಕೊಡಬೇಕೆಂಬ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ಈಗ ಎರಡನೆಯ ಸುತ್ತು ನಡೆದಿದೆ.

ಈ ವಾಚನಾಲಯದ ಫಲಕದ ಮೇಲೆ ಇಂದಿನಿಂದ ಒಂದು ಹಾಳೆ ಅಂಟಿಸಿದ್ದೇವೆ. ಹೆಸರು ಬರೆಯಬೇಕಾಗಿಲ್ಲ, ಒಂದು ಗುರುತಿನ ಅಂಕೆ ಸಾಕು. ಪ್ರತಿ ತಿಂಗಳ ಮೊದಲ ತಾರೀಖಿನಂದು ಮೀಟರಿನ ಅಂಕಿಯನ್ನೂ, ಆ ತಿಂಗಳು ಕೊಂಡ ನೀರಿನ ಲೀಟರನ್ನೂ ಬರೆಯೋಣ. ಮೀಟರು ಓದಲು, ಬಿಲ್ಲು ತಿಳಿಯಲು ತೊಡಕಾದವರು ಶನಿವಾರ ಸಂಜೆ ಬಿಲ್ಲನ್ನು ಇಲ್ಲಿಗೆ ತನ್ನಿರಿ, ಕೂಡಿ ಓದೋಣ. ಪತ್ರಿಕೆ ಓದುವ ಜಾಗದಲ್ಲಿ ಬಿಲ್ಲು ಓದಿದರೆ ಸರಸ್ವತಿ ಮುನಿಯುವುದಿಲ್ಲ.

ನಮ್ಮ ಸದಸ್ಯರ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಬೇಸಗೆಯ ಆ ತಿಂಗಳ ಬಾಕಿಯನ್ನು ಅವರು ಮೂರು ಕಂತಿನಲ್ಲಿ ತೀರಿಸಿದರು. ದೀಪಾವಳಿಯ ಹೊತ್ತಿಗೆ ಊರಿನ ಹಣ ಮತ್ತೆ ಸರಿಯಾದ ದಿನಕ್ಕೆ ಹೋಗತೊಡಗಿತು. ತಂಗಿ ಪರೀಕ್ಷೆಗೆ ಕಟ್ಟಿದ್ದಾಳೆ. ಮೊನ್ನೆ ಅವರು ಇಲ್ಲಿಗೆ ಬಂದು, ಪತ್ರಿಕೆಯನ್ನು ಮುಂದೆ ಹರಡಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದರು. ಹೋಗುವಾಗ ಯಾರೂ ಕೂಡದ ಮೂಲೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಿ ಹೋದರು.